ತೊಳೆಯಬಾರದ ಕಲ್ಲುಗಳು

ಫಿಲ್ಟರಣ್ಣನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಕಂದು ಲೋಳೆ ಇರುತ್ತಿತ್ತು. ಬೆಳಿಗ್ಗೆ ಬಂದವರೇ ತೊಟ್ಟಿಯಿಂದ ಒಂದು ಜಲ್ಲಿಕಲ್ಲು ಎತ್ತಿ, ಲೋಳೆ ಉಜ್ಜಿ, ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಚೆಂದಾಗವೆ" ಅಂದರೆ ಆ ದಿನ ಸಲೀಸು. ನೀರು ಶುದ್ಧವಾಗುತ್ತಿದೆಯೇ ಎಂದು ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಐದು ದಿನ ಕಾದು ಪಡೆಯುತ್ತಿದ್ದ ಉತ್ತರ ಅವರ ಮೂಗಿಗೆ ಒಂದೇ ಗಳಿಗೆಯಲ್ಲಿ ಸಿಗುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಗುಂಡ್ಲುಪೇಟೆ ಹತ್ತಿರದ ಆ ರೇಷ್ಮೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಫಿಲ್ಟರಣ್ಣ. ಮೊಬೈಲು ಇನ್ನೂ ಮ್ಯಾನೇಜರ ಸೊಂಟದಲ್ಲಿ ಮಾತ್ರ ಇದ್ದ ಕಾಲ. ಗೂಡು ಬೇಯಿಸಿದ ನಾರುವ ನೀರೆಲ್ಲ ಇವರ ತೊಟ್ಟಿಗೆ ಬರುತ್ತಿತ್ತು. ತೊಟ್ಟಿ ತುಂಬ ಕಲ್ಲು. ಮೇಲೆ ತಿರುಗುವ ಕೊಳವೆ ಆ ನೀರನ್ನು ಚಿಮುಕಿಸುತ್ತಿತ್ತು. ಕಲ್ಲಿಗಂಟಿದ ಲೋಳೆಯ ಜೀವಾಣುಗಳು ಕೊಳೆಯನ್ನು ತಿಂದುಹಾಕಿ, ನೀರು ತಿಳಿಯಾಗಿ ಹಳ್ಳಕ್ಕಿಳಿಯುತ್ತಿತ್ತು. ಹಳ್ಳದ ದಂಡೆಯ ಊರಿಗೇ ಅವರು ಮಗಳನ್ನು ಕೊಟ್ಟಿದ್ದರು. ಆ ಮನೆಯ ಕುಡಿಯುವ ನೀರಿನ ಬಾವಿ ಹಳ್ಳದಿಂದ ಹತ್ತು ಮಾರು.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಆಯುಧಪೂಜೆಗೆ ಮಿಷನ್ನು, ಲಾರಿ, ಕಡೆಗೆ ಬಕೀಟನ್ನೂ ತೊಳೆಸಿದರು. ತೊಟ್ಟಿಯ ಲೋಳೆ ಕಣ್ಣಿಗೆ ಬಿತ್ತು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ ಅಂದರು. ಪೌಡರ್ ಕೊಡಲು ನನ್ನ ಸಹಿ ಬೇಕಿತ್ತು.

ಫಿಲ್ಟರಣ್ಣ ಲ್ಯಾಬಿಗೆ ಓಡಿಬಂದರು. "ಅದು ಗಲೀಜಲ್ಲ ಕಣಮ್ಮಿ, ಕೆಲ್ಸ ಮಾಡೋದೇ ಅದು. ನನ್ ಮಾತು ಯಾರ್ ಕೇಳಾರು? ನೀ ಓದಿರೋಳು, ವಸಿ ಯೋಳು."

ಹೋದೆ. ಫಿಲ್ಟರಣ್ಣ ಮ್ಯಾನೇಜರ ಕೋಣೆಯ ಬಾಗಿಲಲ್ಲಿ ನಿಂತರು.

"ಹಬ್ಬದ ದಿನ ಈ ಹೊಲಸಿಟ್ಕೊಂಡು ಪೂಜೆ ಮಾಡೋದಾ?" ಅಂದರು ಮ್ಯಾನೇಜರ್.

ನಾನು ಸೇರಿ ಮೂರು ತಿಂಗಳಾಗಿತ್ತು, ಕೆಲಸ ಖಾಯಂ ಆಗಿರಲಿಲ್ಲ. ಒಂದು ಮಾತೂ ಆಡದೆ ಸಹಿ ಹಾಕಿದೆ. ಬಾಗಿಲ ಕಡೆ ತಿರುಗಿ ಅವರ ಮುಖ ನೋಡಲಾಗಲಿಲ್ಲ.

ಕಲ್ಲು ಬೆಳ್ಳಗಾದವು. ಅವಕ್ಕೂ ಕುಂಕುಮ ಹಚ್ಚಿ ಬೂದುಗುಂಬಳ ಒಡೆದರು. ರಜೆ ಮುಗಿದ ಮೇಲೆ ಕೊಳೆನೀರು ಬಂದ ಹಾಗೇ ಹಳ್ಳಕ್ಕಿಳಿಯಿತು. ಒಂದಷ್ಟು ದಿನ ಗೂಡು ಬೇಯಿಸಬೇಡಿ ಎಂದು ಫಿಲ್ಟರಣ್ಣ ಕೈಮುಗಿದರು, ಯಾರೂ ನಿಲ್ಲಿಸಲಿಲ್ಲ. ವಾರ ಕಳೆಯುವಷ್ಟರಲ್ಲಿ ಮಗಳ ಬಾವಿ ನಾರಿತು. ಫಿಲ್ಟರಣ್ಣ ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡು ಬಿಂದಿಗೆ ಕಟ್ಟಿ ಬೋರಿನ ನೀರನ್ನು ಅವಳ ಮನೆಗೆ ಮುಟ್ಟಿಸುವರು. ಆಮೇಲೆ ಬಂದು, ಲೋಳೆ ಮತ್ತೆ ಕಟ್ಟಲೆಂದು ಕಲ್ಲಿನ ಮೇಲೆ ಸಗಣಿ ನೀರು ಚೆಲ್ಲಿ, ಒಂದನ್ನು ಎತ್ತಿ ಮೂಸಿ, ಸುಮ್ಮನೆ ಇಡುವರು.

"ಏನಾದ್ರೂ ಬಂತಾ ಅಣ್ಣ?"

"ಇಲ್ಲ. ಅದು ತಾನಾಗೇ ಬರ್ಬೇಕು ಕಣಮ್ಮಿ. ನಾವ್ ಕಾಯ್ಬೇಕು ಅಷ್ಟೆಯ."

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮತ್ತೆ ಲೋಳೆ ಕಟ್ಟುವ ಹೊತ್ತಿಗೆ ಕಾರ್ತೀಕ ಕಳೆದಿತ್ತು. ಬಾವಿಯನ್ನು ಮಾತ್ರ ಆ ಮನೆಯವರು ಮುಚ್ಚಿಬಿಟ್ಟರು.

ಕೆಲವು ವರ್ಷದ ಮೇಲೆ ಅವರು ತೀರಿಕೊಂಡಾಗ ನಾನು ಚಾಮರಾಜನಗರದಲ್ಲಿ ಬೇರೆ ಕೆಲಸದಲ್ಲಿದ್ದೆ. ತಿಥಿಗೆ ಹೋದೆ. ಮಗಳು ಚೊಂಬಿನಲ್ಲಿ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ನೀವೇ ಅಲ್ವಾ ಲ್ಯಾಬ್ನೋರು? ಅಪ್ಪ ಯಾವಾಗ್ಲೂ ಯೋಳೋರು. ಆವತ್ತು ಕಲ್ಲು ತೊಳೀಬ್ಯಾಡಿ ಅಂತ ಮ್ಯಾನೇಜರ್ ತಾವ ನೀವೊಬ್ರೇ ಜಗಳ ಆಡುದ್ರಂತೆ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡವರು ಅವರು. ಮಗಳಿಗೆ ಹೀಗೆ ಹೇಳಿ ಹೋಗಿದ್ದರು. ಇಲ್ಲಮ್ಮ, ನಾನೇ ಸಹಿ ಹಾಕಿದವಳು ಅನ್ನಬೇಕಿತ್ತು. ಅವಳು ಕೊಟ್ಟ ನೀರನ್ನು ಕುಡಿದು ಎದ್ದೆ.