ಚಂದ್ರವ್ವನ ಸಾವು ಮತ್ತು ಹೊಸ ಆವೃತ್ತಿ

ಗೋಕಾಕಕ್ಕೆ ಬಂದ ಹೊಸತರಲ್ಲಿ ಒಂದು ಸೋಮವಾರ ಸಂಜೆ ನಮ್ಮ ಮನೆಯೊಡತಿ ಶಾಂತವ್ವನವರ ಪಡಸಾಲೆಯಲ್ಲಿ ಇಬ್ಬರು ತಲೆ ತಗ್ಗಿಸಿ ಕುಳಿತಿದ್ದರು: ಮೂಡಲಗಿಯ ಬಟ್ಟೆ ವ್ಯಾಪಾರಿ ಈರಣ್ಣ, ಹುಕ್ಕೇರಿಯ ಶಿಕ್ಷಕಿ ಸವಿತಾ. ಜೊತೆಗೆ ರೊಟ್ಟಿ-ಝುಣಕದ ಬುತ್ತಿ. ಸಾವಾದ ಮನೆಗೆ ಊಟ ಒಯ್ದು ಸಮಾಧಾನ ಹೇಳುವುದನ್ನು ಇಲ್ಲಿ ‘ಮಾತಾಡಿಸಿ ಬರುವುದು’ ಎನ್ನುತ್ತಾರೆ.

“ನಿನ್ನಿತನಾ ಆರಾಮ ಇದ್ಳಲ್ರಿ ಚಂದ್ರವ್ವ,” ಎಂದರು ಈರಣ್ಣ.

“ಕೊಂದವರು ಅಲ್ಲೇ ನಿಂತಾರ ನೋಡ್ರಿ,” ಎಂದು ಶಾಂತವ್ವ ನನ್ನತ್ತ ಕೈ ತೋರಿಸಿದರು.

ಮೈಸೂರಿನ ಓದುಗರು ಪೊಲೀಸರಿಗೆ ಫೋನ್ ಮಾಡಬೇಕಾಗಿಲ್ಲ. ಚಂದ್ರವ್ವ ಶಾಂತವ್ವ ಆಟದಲ್ಲಿ ಆಡಿಸುತ್ತಿದ್ದ, ಕಾಗದದ ಮೇಲಿನ ಮಾಟಗಾತಿ. ಹೆಂಡತಿಗೆ ವರ್ಗವಾಗಿ ಮೈಸೂರಿನಿಂದ ಇಲ್ಲಿಗೆ ಬಂದಾಗ ನಾನು ತಂದ ಏಕೈಕ ಆಸ್ತಿ, ಕಾಲೇಜು ದಿನಗಳ ಪಾತ್ರಧಾರಣೆಯ ಆಟದ ನಿಯಮಪುಸ್ತಕ. ಒಬ್ಬ ಕಥೆ ನಡೆಸುತ್ತಾನೆ; ಇಲ್ಲಿ ಅದು ನಾನು. ಉಳಿದವರು ಯೋಧರೋ ಮಾಟಗಾತಿಯರೋ ಆಗಿ, ದಾಳ ಉರುಳಿಸುತ್ತ ರಾಕ್ಷಸರ ಗುಹೆ ಹೊಗುತ್ತಾರೆ. ಮೈಸೂರಿನಲ್ಲಿ ಪಾತ್ರ ಸತ್ತರೆ ಹೊಸ ಹಾಳೆ ತೆಗೆದುಕೊಂಡು ಕಾಫಿ ಹೀರುತ್ತಿದ್ದೆವು. ಇಲ್ಲಿ ಬುತ್ತಿ ಬರುತ್ತದೆ.

ಮಾತಿಗೆ ಜನವಿಲ್ಲದ ನನಗೆ ಭಾನುವಾರ ಆಡಲು ಬರುವ ಈ ಮೂವರೇ ಊರು. ಆದರೆ ಶಾಂತವ್ವ ಇನ್ನು ಆಡುವುದಿಲ್ಲವೆಂದರು. “ಗುಹಿ ಬಾಗಲಾ ತಗದ ಕೂಡ್ಲೆ ಸಾಯಾಕ ನಾ ಯಾಕ ಬರ್ಲಿ?” ಅವರಿಲ್ಲದಿದ್ದರೆ ಉಳಿದಿಬ್ಬರೂ ಇಲ್ಲ.

ಆಗ ಈರಣ್ಣ ಅದೇ ಆಟದ ಹೊಸ ಆವೃತ್ತಿ ತರಿಸಿದರು. ಪೆಟ್ಟಿಗೆಯ ಮೇಲೆಯೇ ಘೋಷಣೆ: ಹೊಸಬರಿಗಾಗಿ ಪರಿಷ್ಕರಿಸಿದ್ದು.

ನನಗೆ ಮೈಯೆಲ್ಲ ಉರಿಯಿತು. ಪುಟಪುಟಕ್ಕೂ ಬಣ್ಣದ ಚಿತ್ರ, ಬೆನ್ನು ಸವರುವ ಮಾತು. ಸತ್ತೆನೆಂದು ಬಿದ್ದವನು ದಾಳ ಹಾಕಿ ಎದ್ದು ಕೂರಬಹುದಂತೆ! ನಮ್ಮ ಹಳೆಯ ಪುಸ್ತಕ ಓದುಗನನ್ನು ಶತ್ರುವೆಂದೇ ಭಾವಿಸಿತ್ತು; ಸಣ್ಣಕ್ಷರದ ಕೋಷ್ಟಕಗಳನ್ನು ದಾಟಿ ಬದುಕಿದವನಿಗೆ ಮಾತ್ರ ಗುಹೆ. ಸಾವಿನ ಭಯವಿಲ್ಲದ ಗುಹೆಗೂ ಬಸ್ ನಿಲ್ದಾಣಕ್ಕೂ ಏನು ವ್ಯತ್ಯಾಸ?

“ಹೊಸಬರು ಕಷ್ಟಪಟ್ಟೇ ಕಲಿಯಬೇಕು!” ಎಂದು ಗುಡುಗಿದೆ.

“ಖರೇ ಐತ್ರಿ ಸರ,” ಎಂದರು ಶಾಂತವ್ವ. “ನೀವ್ ಬಂದಾಗ ಜ್ವಾಳದ ರೊಟ್ಟಿ ಗಂಟಲಾಗ ಇಳೀತಿದ್ದಿಲ್ಲ. ಖಾರ ಕಡಿಮಿ ಮಾಡಿ, ಅನ್ನಾ ಮಾಡಿ ಹಾಕಿದವ್ರು ಯಾರು?”

“ನೀವೇ.”

“ರೊಟ್ಟಿ ಆಮ್ಯಾಲೆ ಕಲ್ತ್ರಿ ಹೌದಿಲ್ಲೋ? ಉಪಾಸ ಕೆಡವಿದ್ರ ಲಗೂನ ಕಲೀತಿದ್ರೇನು?”

ಸವಿತಾ ಸೆರಗು ಅಡ್ಡ ಹಿಡಿದು ನಕ್ಕರು. ನಾನು ನನ್ನ ಕೋಷ್ಟಕಗಳ ಪುಸ್ತಕ ಮುಚ್ಚಿಟ್ಟೆ.

ಈಗ ಹೊಸದನ್ನೇ ಆಡುತ್ತೇವೆ. ಅದನ್ನು ಓದಿ ಶಾಂತವ್ವನವರೇ ಕಥೆ ನಡೆಸುತ್ತಾರೆ. ನನ್ನ ಪುಸ್ತಕ ಹಿಡಿದು ಯಾವ ಹೊಸಬರೂ ಕಥೆ ನಡೆಸುವ ಕುರ್ಚಿ ಏರಿದ್ದಿಲ್ಲ. ಅವರ ಗುಹೆಯ ರಾಕ್ಷಸರು “ಬರ್ರಿ, ಕುಂದರ್ರಿ” ಎಂದು ಉಪಚರಿಸಿ ಆಮೇಲೆ ಹೊಡೆಯುತ್ತಾರೆ. ನನ್ನ ಯೋಧ ಮೊನ್ನೆ ಸತ್ತು ಎದ್ದು ಕುಳಿತ. ನಾಚಿಕೆಗೇಡು.

ಕಳೆದ ಭಾನುವಾರ ಆಟದ ನಡುವೆ ಮೈಸೂರಿನ ಗೆಳೆಯನ ಫೋನು. “ಏನಯ್ಯಾ, ಆ ಮಕ್ಕಳಾಟ ಆಡ್ತಿದ್ದೀಯಂತೆ?” ನಾನು ಕೆರಳಿದೆ. ಹೊಸ ಆವೃತ್ತಿಯ ಪರವಾಗಿ ಓಣಿಗೆಲ್ಲ ಕೇಳುವಂತೆ ವಾದಿಸಿ ಫೋನಿಟ್ಟೆ. ತಿರುಗಿದರೆ ಈರಣ್ಣ ಮೆಚ್ಚಿ ತಲೆದೂಗುತ್ತಿದ್ದರು. ಅದನ್ನೂ ಸಹಿಸಲಾಗದೆ ಹಳೆಯ ಆವೃತ್ತಿಯ ಪರ ಅವರೊಡನೆ ಜಗಳಕ್ಕೆ ನಿಂತೆ.