ಅಮ್ಮೀ ಎನ್ನದ ಸಿಪಾಯಿ

ಬಾಂಗ್ಲಾ ಯುದ್ಧ ಮುಗಿದ ಮೇಲೆ ರಜೆಗೆಂದು ನಮ್ಮ ಆಂಟಾಪ್ ಹಿಲ್ ಚಾಳಿಗೆ ಬಂದ ಸಿಪಾಯಿ, ಪಕ್ಕದ ಖೋಲಿಯಲ್ಲಿದ್ದ, ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ವಿಜಾಪುರದವಳ ಮಗ. ಅವರ ಮನೆಮಾತು ದಖನಿ ಉರ್ದು. ಬಂದಾಗಿನಿಂದ ಅವನು ಅದರಲ್ಲಿ ಒಂದು ಮಾತೂ ಆಡಿರಲಿಲ್ಲ.

"ತಮ್ಮಾ, ಒಮ್ಮೆನೂ ಅಮ್ಮೀ ಅಂತ ಕರೀವಲ್ಲ. ನೀನರ ಕೇಳಿ ನೋಡು" ಎಂದು ಆಪಾ ನನ್ನ ಸೀರೆ ಅಂಗಡಿಗೆ ಬಂದು ಅತ್ತಳು.

ಕೇಳಿದೆ. ಅವನೆಂದ: "ಮಾಮಾ, ಅಲ್ಲಿ ಒಂದು ಮನೀ ಮುಂದ ನಿಂತು ಉರ್ದೂದಾಗ ನೀರು ಕೇಳಿದೆ. ಯುದ್ಧಕ್ಕ ಮೊದಲ ಅವರದ ಸರಕಾರದ ಫೌಜು ಉರ್ದೂ ಮಾತಾಡಕೋತನ ಆ ಮನೀ ಮಕ್ಕಳನ್ನ ಕೊಂದಿತ್ತಂತ. ನಾನೂ ಅವರವನ ಅಂತ ತಿಳದು ಮುದುಕಿ ಕಾಲಿಗೆ ಬಿದ್ದಳು. ಈಗ ಆ ಮಾತು ಬಾಯಿಗೆ ಬರಂಗಿಲ್ಲ."

ಗಿರಾಕಿ ನಮ್ಮ ದರಕ್ಕೆ ಬಾರದಿದ್ದರೆ ನಾವೇ ಇಳಿಯಬೇಕು. ಆಪಾಗೆ ಇದನ್ನೆಲ್ಲ ಹೇಳಿ, "ಆಪಾ, ನೀವ ಕನ್ನಡದಾಗ ಕರೀರಿ" ಎಂದೆ.

"ನಂದು ಬಾಜಾರದ ಕನ್ನಡ. ಬದನೀಕಾಯಿ ತಗೊಳ್ಳೋ ಮಾತಿನಾಗ ಮಗನ್ನ ಕರೀಲೇನು?"

"ಬದನೀಕಾಯಿನೂ ಮನೀಗೇ ಬರತಾವಲ್ಲ, ಕರೀರಿ."

ಸಂಜೆ ಗೋಡೆಯಾಚೆಯಿಂದ ಅವಳ ದಣಿದ ದನಿ ಕೇಳಿತು: "ಬಾರಪ್ಪಾ, ರೊಟ್ಟಿ ಆರತಾವ." ಅವನೆಂದ: "ಬಂದೆ, ಅವ್ವಾ."

ಮರುದಿನ ಆಪಾ ಮುಖ ಸಣ್ಣದು ಮಾಡಿಕೊಂಡೇ ಬಂದಳು. "ಅಮ್ಮೀ ಅನ್ನಲಿಲ್ಲ."

"ಸದ್ಯ ಸಿಕ್ಕದ್ದು ತಗೋರಿ, ಆಪಾ" ಎಂದೆ. "ಉಳದದ್ದಕ್ಕ ಆಮ್ಯಾಲ ಚೌಕಾಸಿ ಮಾಡೋಣು."