ಹುಳದ ಮನೆಗೆ ಒಂದು ಜೊತೆ ಚಪ್ಪಲಿ

ರಾಮನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾದ ಮೇಲೆ ಹಿಡಿದ ಕೆಲಸ ಇದು. ತರಗತಿಯಲ್ಲಿ ಕೇರಳದವರು ಹೆಚ್ಚು. ಎಲ್ಲಿ ನೋವು, ಯಾವಾಗಿನಿಂದ, ಏನು ಊಟ ಮಾಡಿದಿರಿ ಎಂದು ರೋಗಿಯನ್ನು ಕೇಳಿ, ಬಂದ ಉತ್ತರ ಅರ್ಥವಾಗುವಷ್ಟು ಭಾಷೆ ಬಂದರೆ ಸಾಕು ಎಂಬುದು ಕಾಲೇಜಿನ ಅಪೇಕ್ಷೆ. ಹಳ್ಳಿಯ ಪೋಸ್ಟಿಂಗ್ ಶುರುವಾದಾಗ, ಸಮುದಾಯ ಆರೋಗ್ಯ ಕಲಿಸುವ ಮೇಡಂ ನನ್ನನ್ನೂ ಕಾಲೇಜಿನ ಬಸ್ಸಿಗೆ ಹತ್ತಿಸಿಕೊಂಡರು. ಹೊಂಗನೂರಿನ ಆ ಮನೆ ಪರಿಚಯವಾದದ್ದು ಹೀಗೆ.

ಮನೆಯ ಯಜಮಾನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ ಹಲವು ವಾರವಾಗಿತ್ತು. ದಿನವೂ ಡ್ರೆಸ್ಸಿಂಗ್ ಆಗಬೇಕು, ಗಾಯ ಒದ್ದೆಯಾಗಬಾರದು, ತಪ್ಪಿದರೆ ಬೆರಳು ತೆಗೆಯಬೇಕಾದೀತು ಎಂದು ಚನ್ನಪಟ್ಟಣದ ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಸೇರಿ ಎಂದರೆ ಆಕೆ ಸೇರಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ತಿನ್ನುವ ಹಂತಕ್ಕೆ ಬಂದಿದ್ದವು. ಅಂಥ ಹೊತ್ತಿನಲ್ಲಿ ಸೊಪ್ಪು ಹಾಕುವವರು ಮನೆ ಬಿಟ್ಟು ಹೋಗುವುದಿಲ್ಲ.

ಈ ಕಾಲಿನ ಹೊಣೆ ಇಡುಕ್ಕಿಯಿಂದ ಬಂದ ಮೂರನೇ ವರ್ಷದ ಒಬ್ಬ ಹುಡುಗಿಗೆ ಬಂತು. ಮಿತಭಾಷಿ. ಮೊದಲ ದಿನ ಬಾಗಿಲ ಬಳಿ ನಿಂತು, ಕಾಲೇಜಿನಲ್ಲಿ ಹೇಳಿಕೊಟ್ಟಂತೆ ಕೈಗೆ ಸ್ಯಾನಿಟೈಸರ್ ಹಾಕಿ ಉಜ್ಜಿಕೊಂಡಳು. ಒಳಗೆ ಸೊಪ್ಪು ಹರವುತ್ತಿದ್ದ ಯಜಮಾನಿ ತಲೆಯೆತ್ತಿದರು.

"ಅಲ್ಲೇ ನಿಂತ್ಕ ಮಗ. ಅದೇನು ಕೈಯಾಗೆ, ಅಷ್ಟು ವಾಸ್ನೆ?"

"ಸ್ಯಾನಿಟೈಸರ್ ಅಮ್ಮ. ಇದು ಕ್ರಿಮಿಗಳನ್ನು ನಾಶ ಮಾಡುತ್ತದೆ."

"ನಾಸ ಮಾಡ್ತದಾ? ಹಂಗಾರೆ ಒಸಿ ದೂರ್ವೇ ಇರು. ಒಳಗಿರೋವೂ ಹುಳವೇಯ."

ಜಗಲಿಯಲ್ಲಿ ಕೂತಿದ್ದ ಯಜಮಾನರಿಗೆ ನಗು ತಡೆಯಲಿಲ್ಲ. "ರೇಡಿಯೋ ವಾರ್ತೆ ಕೇಳ್ದಂಗಾಯ್ತದೆ. ಯಾರು ಮಗ ನಿಂಗೆ ಈ ಕನ್ನಡ ಕಲ್ಸಿದ್ದು?" ಅವಳು ನನ್ನ ಕಡೆ ಕೈ ತೋರಿಸಿದಳು. ಪತ್ರಿಕೆಯಲ್ಲಿದ್ದೆ ಎಂದೆ ನಾನು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೇಪರ್ನೋರಾ? ಗೊತ್ತಾಯ್ತು ಬುಡಿ" ಎಂದರು.

ರೇಷ್ಮೆಹುಳುವಿಗೆ ಗಾಟು ವಾಸನೆ ಆಗುವುದಿಲ್ಲ. ಹುಡುಗಿ ತೊಟ್ಟಿಯ ಬಳಿ ಸೋಪಿನಿಂದ ಕೈ ತೊಳೆದು ಬಂದಳು. ಡ್ರೆಸ್ಸಿಂಗ್ ಜಗಲಿಯ ಮೇಲೆಯೇ ನಡೆಯಿತು. ಒಗೆದ ಬಟ್ಟೆ ಹಾಸಿ, ಗ್ಲೌಸ್ ಹಾಕಿ, ಸಲೈನಿನಿಂದ ಗಾಯ ತೊಳೆದು, ಒಣಗಿಸಿ, ಪಟ್ಟಿ ಕಟ್ಟಿದಳು. ಮೇಡಂ ಪಕ್ಕದಲ್ಲಿ ನಿಂತು ಪ್ರತಿ ಹಂತವನ್ನೂ ಗಮನಿಸಿದರು. ತಪ್ಪು ಕಾಣಲಿಲ್ಲ.

ಆದರೂ ಗಾಯ ಮಾಯುವ ಲಕ್ಷಣ ತೋರಲಿಲ್ಲ. ಮರುದಿನ ಪಟ್ಟಿ ಬಿಚ್ಚಿದರೆ ಸುತ್ತಲ ಚರ್ಮ ನೀರಿನಲ್ಲಿ ನೆನೆದಂತೆ ಬೆಳ್ಳಗಿತ್ತು. ಅದರ ಮರುದಿನವೂ ಹಾಗೆಯೇ.

"ಅಮ್ಮ, ಕಾಲು ಒದ್ದೆ ಮಾಡಿದ್ದೀರಿ" ಎಂದರು ಮೇಡಂ.

"ದೇವ್ರಾಣೆಗೂ ನೀರು ಸೋಕ್ಸಿಲ್ಲ ಕಣವ್ವ. ಸ್ನಾನಕ್ಕೂ ಕವರ್ ಕಟ್ಕೊಂಡೇ ಕೂತ್ಕತೀನಿ."

ಬಸ್ಸಿನಲ್ಲಿ ಮೇಡಂ ಬೇಸರಪಟ್ಟರು. ಮನೆಮನೆಗೆ ಹೋದರೆ ಎಲ್ಲರೂ ಹೀಗೇ ಹೇಳುತ್ತಾರೆ ಎಂದರು. ಬಸ್ಸಿಳಿಯುವಾಗ ಹುಡುಗಿ, ಮಾರನೆಯ ಬೆಳಿಗ್ಗೆ ಪೂರ್ತಿ ಆ ಮನೆಯಲ್ಲೇ ಕೂತಿರಲು ಅನುಮತಿ ಕೇಳಿದಳು. ಮೇಡಂ ಒಪ್ಪಿ, ಮಾತಿಗೆ ಬೇಕಾದೀತು ಎಂದು ನನ್ನನ್ನೂ ಅವಳ ಜೊತೆ ಬಿಟ್ಟರು.

ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಯಜಮಾನರು ತೋಟದಿಂದ ಸೊಪ್ಪಿನ ಹೊರೆ ತಂದು ಹಾಕುತ್ತಿದ್ದರು. ಯಜಮಾನಿ ಅದನ್ನು ತೆಕ್ಕೆಗಟ್ಟಲೆ ಎತ್ತಿಕೊಂಡು ಹುಳದ ಮನೆಯೊಳಗೆ ಹೋಗುತ್ತಿದ್ದರು, ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. ಬಾಗಿಲಲ್ಲಿ ಒಂದು ಗೋಣಿಚೀಲ ಹಾಸಿತ್ತು. ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿದ ಚೀಲ. ಹೊರಗಿನ ರೋಗ ಹುಳುವಿಗೆ ತಗಲದಿರಲೆಂದು, ಒಳಗೆ ಹೋಗುವವರು ಅದರ ಮೇಲೆ ಎರಡೂ ಪಾದ ಒತ್ತಿಯೇ ಹೋಗಬೇಕು. ಆಕೆ ಪ್ರತಿ ಸಲವೂ ನಿಂತು, ಎರಡೂ ಪಾದವನ್ನು ಚೆನ್ನಾಗಿ ಒತ್ತಿ ಹೋಗುತ್ತಿದ್ದರು. ಪಟ್ಟಿ ಕಟ್ಟಿದ ಕಾಲನ್ನೂ. ಕಾಯಿಲೆಯಿಂದ ಬೆರಳು ಮರಗಟ್ಟಿದ್ದರಿಂದ ಉರಿಯಾಗಲಿ ತೇವವಾಗಲಿ ಆಕೆಗೆ ತಿಳಿಯುತ್ತಿರಲಿಲ್ಲ.

ಹುಡುಗಿ ಎದ್ದು ಗೋಣಿಚೀಲ ಮುಟ್ಟಿ ನೋಡಿದಳು. "ಅಮ್ಮ, ಇದು ನೀರು."

"ಅದು ನೀರಲ್ಲ ಕಣವ್ವ, ಔಸ್ದಿ. ಹುಳಕ್ಕೆ ಕಾಯ್ಲೆ ಬರ್ದಂಗೆ ಹಾಕಾದು."

ಆಕೆ ಸುಳ್ಳು ಹೇಳಿರಲಿಲ್ಲ. ಔಷಧಿಯಿಂದ ಕಾಲಿಗೆ ಕೆಡುಕಾದೀತು ಎಂದು ಆಕೆಗೆ ಹೊಳೆದಿರಲಿಲ್ಲ. ನಮಗೂ ಯಾರಿಗೂ ಹೊಳೆದಿರಲಿಲ್ಲ.

ಮೇಡಂ ಬಂದ ಮೇಲೆ ಚರ್ಚೆಯಾಯಿತು. ಹುಳು ಗೂಡು ಕಟ್ಟುವವರೆಗೆ ಬೇರೆಯವರು ಸೊಪ್ಪು ಹಾಕಲಿ ಎಂದರು ಮೇಡಂ. ಬೇರೆಯವರೆಂದರೆ ಯಜಮಾನರೊಬ್ಬರೇ. ಮಗ ದೂರದ ಊರಿನಲ್ಲಿ ಕೆಲಸದಲ್ಲಿದ್ದ, ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು.

"ಅವ್ರು ಬೀಡಿ ಸೇದ್ತಾರೆ. ಒಳೀಕೆ ಬುಡಕಿಲ್ಲ" ಎಂದರು ಯಜಮಾನಿ.

"ನಾನೇ ಕಟ್ಟಿದ್ ಮನೆ ಸಾ, ನನ್ಗೇ ಎಂಟ್ರಿ ಇಲ್ಲ" ಎಂದರು ಯಜಮಾನರು ನನಗೆ.

ಹುಡುಗಿ ಚಪ್ಪಲಿಯ ಮಾತೆತ್ತಿದ್ದು ಆಗ. ಚಪ್ಪಲಿ ಹಾಕಿಕೊಂಡು ಚೀಲದ ಮೇಲೆ ನಿಂತರೆ ಗಾಯ ನೆನೆಯುವುದಿಲ್ಲ ಎಂದಳು. ಯಜಮಾನಿಯ ಮುಖ ಬಿಗಿಯಿತು.

"ಚಪ್ಲಿ ಮೆಟ್ಕಂಡು ಹುಳದ ಮನೆಗಾ? ದೇವ್ರ ಕ್ವಾಣೆಗೆ ಯಾರಾರಾ ಹಂಗೆ ಹೋದಾರಾ? ಬೆರಳು ಹೋದ್ರೆ ಹೋಗ್ಲಿ ಬುಡು."

ಮೇಡಂ ಏನೋ ವಿವರಿಸಲು ಹೊರಟರು. ಅಷ್ಟರಲ್ಲಿ ಹುಡುಗಿ, ವಾದಕ್ಕಿಳಿಯದೆ, ನಾನು ಕಲಿಸಿದ ಅದೇ ವಾರ್ತೆಯ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದಳು: "ಅಮ್ಮ, ಕಾಲಿಗೆ ಏನು ಹಾಕಿದರೆ ಹುಳುವಿಗೆ ತೊಂದರೆ ಇಲ್ಲ? ನೀವೇ ಹೇಳಿ."

ಯಜಮಾನಿ ಸೊಪ್ಪು ಎತ್ತಿಕೊಂಡು ಒಳಗೆ ಹೋದರು. ಅಂದಿನ ಡ್ರೆಸ್ಸಿಂಗ್ ಮುಗಿಯಿತು. ನಾವು ಹೊರಟು ಗೇಟು ದಾಟುತ್ತಿದ್ದಾಗ ಆಕೆ ಹಿಂದಿನಿಂದ ಕೂಗಿದರು.

"ಹೊಸ್ದಾಗಿರ್ಬೇಕು. ತೊಗಲಿಂದು ಆಗ್ಬಾರ್ದು. ಒಂದ್ ಹೆಜ್ಜೆನೂ ಬೀದಿ ಮಣ್ಣು ಮೆಟ್ಟಿರ್ಬಾರ್ದು."

ಚನ್ನಪಟ್ಟಣದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹುಡುಗಿ ತುಂಬ ಹೊತ್ತು ಚಪ್ಪಲಿ ಆರಿಸಿದಳು. ಬೆರಳ ಸಂದಿಗೆ ಬಾರು ಇರಬಾರದು, ಗಾಯಕ್ಕೆ ಒತ್ತುತ್ತದೆ. ಮೇಲೆ ಅಗಲ ಪಟ್ಟಿ, ಕೆಳಗೆ ದಪ್ಪ ಅಟ್ಟೆ ಇರಬೇಕು. ಹಾಕಿ ನೋಡಿ ಎಂದು ಅಂಗಡಿಯವರು ನೆಲಕ್ಕಿಡಲು ಹೋದಾಗ ತಡೆದು, ಕೈಯಲ್ಲೇ ಹಿಡಿದು ಅಳತೆ ನೋಡಿದಳು. "ದೇವಸ್ಥಾನಕ್ಕೇನಮ್ಮ?" ಎಂದು ಅವರು ತಮಾಷೆ ಮಾಡಿದರು. "ಹೌದು" ಎಂದಳು.

ಮಾರನೆಯ ದಿನ ಯಜಮಾನಿ ಆ ರಬ್ಬರ್ ಚಪ್ಪಲಿಯನ್ನು ತಾವೇ ಸುಣ್ಣದ ನೀರಿನಲ್ಲಿ ತೊಳೆದರು, ಮೊರದ ಮೇಲಿಟ್ಟು ಬಿಸಿಲಿಗೆ ಒಣಗಿಸಿದರು. ಆಮೇಲೆ ಒಳಗಿನಿಂದ ಬಟ್ಟಲು ತಂದು ಎರಡಕ್ಕೂ ಅರಿಶಿನ ಕುಂಕುಮ ಇಟ್ಟರು.

"ನಮ್ ಮದ್ವೇಲೂ ನನ್ಗಿಷ್ಟು ಮರ್ವಾದೆ ಸಿಕ್ಕಿರ್ನಿಲ್ಲ" ಎಂದರು ಯಜಮಾನರು.

"ಅದು ಬೀಡಿ ಸೇದಕಿಲ್ವಲ್ಲ" ಎಂದರು ಆಕೆ.

ಬಾಗಿಲ ಪಕ್ಕ ಒಂದು ಹಲಗೆ ಬಂತು. ಹಲಗೆಯ ಮೇಲೆ ನಿಂತು ಚಪ್ಪಲಿ ಹಾಕಿಕೊಳ್ಳುವುದು, ಚೀಲದ ಮೇಲೆ ಒತ್ತಿ ಒಳಗೆ ಹೋಗುವುದು, ಹೊರಗೆ ಬಂದಾಗ ಮತ್ತೆ ಹಲಗೆಯ ಮೇಲೆ ಬಿಡುವುದು. ಅಂದು ಬಸ್ಸಿನಲ್ಲಿ ಮೇಡಂ ಉಳಿದ ಹುಡುಗಿಯರಿಗೆಲ್ಲ ಕೇಳುವಂತೆ, "ಆಕೆ ಸುಳ್ಳು ಹೇಳುತ್ತಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ" ಎಂದರು.

ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ಹಣ್ಣಾದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟರು. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ವಾರವೇ ಯಜಮಾನಿ ಚನ್ನಪಟ್ಟಣಕ್ಕೆ ಹೋಗಿ ಕಾಲು ತೋರಿಸಿ ಬಂದರು. ಗಾಯದಲ್ಲಿ ಕೆಂಪು ಮಾಂಸ ಕೂಡುತ್ತಿದೆ, ಬೆರಳು ತೆಗೆಯುವ ಮಾತಿಲ್ಲ ಎಂದಿದ್ದರು ಡಾಕ್ಟರು.

ಪೋಸ್ಟಿಂಗಿನ ಕೊನೆಯ ದಿನ ಹುಡುಗಿ ಆಕೆಯ ಕಣ್ಣು ಮುಚ್ಚಿಸಿ, ಹತ್ತಿಯ ತುದಿಯಿಂದ ಹೆಬ್ಬೆರಳನ್ನು ಮುಟ್ಟಿದಳು.

"ಮುಟ್ಟು ಮಗ, ಎಷ್ಟೊತ್ತು" ಎಂದರು ಯಜಮಾನಿ.

ಹುಡುಗಿ ಹತ್ತಿ ತೆಗೆದಳು. ಗಾಯ ಮಾಯ್ದರೂ ಬೆರಳಿಗೆ ಸ್ಪರ್ಶ ಬರುವುದಿಲ್ಲ, ಇನ್ನೊಂದು ಹುಣ್ಣಾದರೆ ನಿಮಗೆ ತಿಳಿಯುವುದಿಲ್ಲ, ಪ್ರತಿ ಸಂಜೆ ಅಂಗಾಲು ನೋಡಲೇಬೇಕು ಎಂದು ನಿಧಾನವಾಗಿ ಹೇಳಿದಳು. ಆಕೆಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗದು.

"ನೀನೇ ಬಂದು ನೋಡು."

"ನಾಳೆಯಿಂದ ನಮಗೆ ಕನಕಪುರ, ಅಮ್ಮ. ಅಪ್ಪ ನೋಡಲಿ."

"ನಮ್ಮೋರು ನನ್ ಕಾಲು ಮುಟ್ಟಾದಾ? ಪಾಪ ಸುತ್ಕತದೆ."

"ಮುಟ್ಟುವುದು ಬೇಡ. ನೋಡಿದರೆ ಸಾಕು."

ಯಜಮಾನರು ಬೀಡಿ ಆರಿಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಯಜಮಾನಿ ಕಾಲು ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಬೆರಳ ಸಂದಿಗಳನ್ನೂ ನೋಡಬೇಕು" ಎಂದಳು ಹುಡುಗಿ.

ಬೆರಳ ಸಂದಿ ಮುಟ್ಟದೆ ಕಾಣುವುದಿಲ್ಲ. ಅವರು ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ಬಿಡಿಸಿ, ಬೆಳಕಿಗೆ ತಿರುಗಿಸಿದರು.

"ಮುಟ್ಬೇಡಿ ಮತ್ತೆ" ಎಂದರು ಯಜಮಾನಿ ಗೋಡೆಯ ಕಡೆಗೇ.

"ಮುಟ್ಟಿಲ್ಲ ಕಣಮ್ಮಿ" ಎಂದು ಅವರು ಮುಂದಿನ ಬೆರಳಿಗೆ ಹೋದರು.